ಮುಂದಿನ ಎಡ ಚಕ್ರ

ಮೆಕ್ಯಾನಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ದೇ ತಡ, ಮುಂದಿನ ಎಡ ಚಕ್ರದ ಬ್ರೇಕ್ ಡಿಸ್ಕ್ ಎರಡು ಹೋಳಾಗಿ ಅಪ್ಪನ ಕಾಲ ಬಳಿ ಠಣ್ಣೆಂದು ಬಿತ್ತು.

ಬ್ರೇಕ್ ಒತ್ತಿದರೆ ಕಾರು ಗಡಗಡ ನಡುಗುತ್ತದೆ ಎಂದು ಮಗಳು ವಾರದಿಂದ ಬಡಕೊಳ್ಳುತ್ತಿದ್ದಳು. ಲಾರಿ ಓಡಿಸಿಯೇ ತಲೆ ನರೆತ ಅಪ್ಪ, "ನಡುಗೋದು ಕಾರಲ್ಲಮ್ಮ, ನಿನ್ನ ಕಾಲು," ಎಂದು ನಕ್ಕು, ಅದನ್ನು ಸಾಬೀತು ಮಾಡಲೆಂದೇ ಅವಳನ್ನು ಈ ಗ್ಯಾರೇಜಿಗೆ ಕರೆತಂದಿದ್ದ.

"ಇನ್ನೊಂದ್ಸಲ ಜೋರಾಗಿ ಬ್ರೇಕ್ ಹಾಕಿದ್ರೆ ಕಥೆ ಮುಗೀತಿತ್ತು. ಇದ್ರಲ್ಲಿ ಯಾರು ಓಡಾಡ್ತಿದ್ರು?" ಮೆಕ್ಯಾನಿಕ್ ಕೇಳಿದ.

ದಿನಾ ಹಿಂದಿನ ಸೀಟಿನಲ್ಲಿ ಕೂತು ಬರುವ ಮೊಮ್ಮಗು ಮಗಳ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಕುಕ್ಕುರುಗಾಲಲ್ಲಿ ಕೂತಿದ್ದ ಅಪ್ಪ ಏಳಲು ಹೋದ, ಆಗಲಿಲ್ಲ. ಮಗಳು ಬಗ್ಗಿ ಅವನ ರಟ್ಟೆ ಹಿಡಿದಳು.

"ಅಪ್ಪಾ," ಎಂದಳು ಮೆಲ್ಲಗೆ, "ನಿನ್ನ ಕಾಲು ನಡುಗ್ತಿದೆ."