ಅಮ್ಮನಿಗೆ ಬೇಡವಾದ ಚಂದ್ರ

ಮಲ್ಲಿಗೆ ಟೀಯ ವಾಸನೆ ಬಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆ ಮಧ್ಯಾಹ್ನ ವಿಜಯನಗರದ ಮನೆಯ ಹಾಲ್‌ನಲ್ಲಿ ಅಪ್ಪ, ತಾವು ಕನ್ನಡಕ್ಕೆ ತಂದಿದ್ದ ಹಳೆಯ ಚೀನೀ ಪದ್ಯಗಳನ್ನು ಗೆಳೆಯರಿಗೆ ಓದುತ್ತಿದ್ದರು. "ಈ ಕವಿಗಳು ದುಃಖ ಅಂತ ಹೇಳೋದೇ ಇಲ್ಲ ನೋಡಿ. ಚಂದ್ರನ್ನ ತೋರಿಸಿ ಸುಮ್ಮನಾಗ್ತಾರೆ," ಎಂದು ಕಣ್ಣೊರೆಸಿಕೊಂಡರು. ಕುರುಬರಹಳ್ಳಿಯ ತವರಿನಲ್ಲಿ ಅಜ್ಜಿಯ ತಿಥಿ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದ ಅಮ್ಮ, ಅಡುಗೆಮನೆಯಲ್ಲಿ ಅವರಿಗೆಲ್ಲ ಮಲ್ಲಿಗೆ ಟೀ ಕಾಯಿಸುತ್ತಾ ಬಿಕ್ಕುತ್ತಿದ್ದಳು.

"ಸ್ವಲ್ಪ ಮೆಲ್ಲಗೆ ಕಣೇ, ಪದ್ಯ ಓದ್ತಾ ಇದೀವಿ," ಎಂದು ಅಪ್ಪ ಕೂಗಿದರು.

ಅಮ್ಮ ಟ್ರೇ ತಂದು ಅವರ ಹಾಳೆಗಳ ಮೇಲೆಯೇ ಕುಕ್ಕಿದಳು. "ನನಗೆ ಚಂದ್ರ ಬೇಡ ಕಣ್ರೀ. ಬಾಗಿಲು ಹಾಕ್ಕೊಂಡು ಒಂದು ಗಂಟೆ ಅಳೋಕೆ ಬಿಡಿ."

"ಆಹಾ, ಎಂಥಾ ಸಾಲು!" ಎಂದು ಅಪ್ಪ ಪೆನ್ನಿಗಾಗಿ ತಡಕಾಡಿದರು.

ಟ್ರೇ ಕುಕ್ಕಿದಾಗ ಕೆಳಗೆ ಉರುಳಿದ್ದ ಪೆನ್ನು, ನೆಲದ ಮೇಲೆ ಕೂತಿದ್ದ ನನ್ನ ಮುಷ್ಟಿಯಲ್ಲಿತ್ತು. ನಿಬ್ಬು ಮುರಿಯುವವರೆಗೂ ಅದನ್ನು ನೆಲಕ್ಕೆ ಒತ್ತಿದೆ.