ಯಾವ ಪದಕ್ಕೆ ಒತ್ತು

ಮುಚ್ಚಿದ ಬಾಗಿಲ ಆಚೆಯಿಂದ ಮತ್ತೆ ಅದೇ ಮಾತು ಕೇಳಿಸಿತು. "ಅಮ್ಮಾ, ನನ್ನನ್ನ ಯಾಕೆ ಬಿಟ್ಟುಹೋದೆ?"

ರೈಸಾಳ ಕೈಯ ಸೌಟು ಅಲ್ಲೇ ನಿಂತಿತು.

ಇಟಲಿಯ ಒರ್ನೆಲ್ಲಾ ಒಂದು ಸೆಮಿಸ್ಟರ್ ರಷ್ಯನ್ ಕಲಿಯಲು ರಷ್ಯಾದ ವೊಲೊಗ್ದಾ ಊರಿಗೆ ಬಂದು, ರೈಸಾ ಮತ್ತು ಅವಳ ಗಂಡ ಗೆನ್ನಾದಿಯ ಮನೆಯಲ್ಲಿ ಉಳಿದುಕೊಂಡು ಎರಡು ತಿಂಗಳಾಗಿತ್ತು. ಒಂದು ವಾರದಿಂದ ಇದೇ ವಾಕ್ಯ. ಒಮ್ಮೆ ಸಿಟ್ಟಿನಿಂದ, ಒಮ್ಮೆ ಅಳುತ್ತ, ಒಮ್ಮೆ ಪಿಸುದನಿಯಲ್ಲಿ.

ಹುಡುಗಿಗೆ ಇಪ್ಪತ್ತು. ಕಣ್ಣು ಬೂದು, ರೈಸಾಳ ಕಣ್ಣಿನಂತೆಯೇ.

ಇಪ್ಪತ್ತು ವರ್ಷಗಳ ಹಿಂದೆ, ಗೆನ್ನಾದಿಯ ಪರಿಚಯವಾಗುವ ಮೊದಲು, ರೈಸಾ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿ ಬರಿಗೈಯಲ್ಲಿ ಹೊರಬಿದ್ದಿದ್ದಳು. ಮಗುವನ್ನು ಇಟಲಿಯವರು ಕರೆದೊಯ್ದರೆಂದು ಆಮೇಲೆ ಯಾರೋ ಹೇಳಿದ್ದರು. ಗೆನ್ನಾದಿಗೆ ಇದು ಗೊತ್ತಿಲ್ಲ. ಮದುವೆಯಾದ ಮೇಲೆ ಮಕ್ಕಳಾಗಲಿಲ್ಲ. "ನಮ್ಮಿಬ್ಬರ ಹಣೆಬರಹ ಬಿಡೇ" ಎಂದು ಅವನೇ ಅವಳನ್ನು ಸಮಾಧಾನ ಮಾಡುತ್ತ ಬಂದಿದ್ದ.

ಒರ್ನೆಲ್ಲಾ ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ರೈಸಾ ಚಿಕ್ಕಮ್ಮ, 'ಯಾಕೆ' ಅನ್ನೋದನ್ನ ಒತ್ತಿ ಹೇಳ್ಲಾ, 'ನನ್ನನ್ನ' ಅನ್ನೋದನ್ನಾ? ಯಾವುದು ಹೆಚ್ಚು ಚುಚ್ಚುತ್ತೆ?"

"ಯಾರಿಗೆ?"

"ಅಮ್ಮನಿಗೆ."

"ಎರಡೂ ಚುಚ್ಚುತ್ತೆ," ಎಂದಳು ರೈಸಾ, ಒಲೆಯ ಕಡೆ ತಿರುಗಿ.

ಸಂಜೆ ಮೂವರೂ ಊಟಕ್ಕೆ ಕುಳಿತರು. ಒರ್ನೆಲ್ಲಾ ತಟ್ಟೆ ಮುಟ್ಟಲಿಲ್ಲ.

"ಏನಮ್ಮ ಇಟಲಿ ರಾಣಿ, ನಮ್ಮ ಕೋಸಿನ ಸೂಪು ಸಾಕಾಯ್ತಾ?" ಎಂದ ಗೆನ್ನಾದಿ.

ಹುಡುಗಿ ಎದ್ದು ನಿಂತಳು. ಮುಖ ಕೆಂಪೇರಿತ್ತು. "ಗೆನಾ ಚಿಕ್ಕಪ್ಪ, ನಿಮ್ಮಿಬ್ಬರಿಗೂ ಒಂದು ವಿಷಯ ಹೇಳ್ಬೇಕು. ಇಷ್ಟು ದಿನ ಧೈರ್ಯ ಬಂದಿರ್ಲಿಲ್ಲ. ಚಿಕ್ಕಮ್ಮ ಆಗ್ಲೇ ಊಹಿಸಿರ್ಬೇಕು."

"ಬೇಡ ಪುಟ್ಟಿ," ಎಂದಳು ರೈಸಾ. "ನಾನೇ ಹೇಳ್ತೀನಿ."

ಹೇಳಿದಳು. ಆಸ್ಪತ್ರೆ, ಸಹಿ, ಮುಖ ತಿರುಗಿಸಿ ಮಲಗಿದ್ದು, ಆದರೂ ಕಿವಿಗೆ ಬಿದ್ದ ಅಳು, ಎಲ್ಲವನ್ನೂ. "ಇವಳು ನನ್ನ ಮಗಳು, ಗೆನಾ. ನಿನಗೆ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ."

ಗೆನ್ನಾದಿ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಹದಿನೇಳು ವರ್ಷ ನನ್ನ ಜೊತೆ ಇದ್ಯಲ್ಲೇ," ಎಂದ. ಕೋಟು ಎತ್ತಿಕೊಂಡು ಹೊರನಡೆದ. ಮೆಟ್ಟಿಲ ಮೇಲೆ ಅವನ ಹೆಜ್ಜೆಯ ಸದ್ದು ಕೆಳಗಿಳಿಯುತ್ತ ಹೋಯಿತು.

ರೈಸಾ ಎರಡೂ ಕೈ ಚಾಚಿ ಹುಡುಗಿಯ ಕಡೆ ತಿರುಗಿದಳು. ಒರ್ನೆಲ್ಲಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಬೆರಳುಗಳ ನಡುವೆ ಎರಡು ಟಿಕೆಟ್‌ಗಳು ಮುದುಡಿದ್ದವು.

"ಚಿಕ್ಕಮ್ಮ... ನಮ್ಮಮ್ಮ ಇಟಲಿಯಲ್ಲೇ ಇದಾರೆ, ನನ್ನನ್ನ ಹೆತ್ತೋರೇ ಅವರು. ಶನಿವಾರ ನಮ್ಮ ಕ್ಲಾಸಿನ ನಾಟಕ, ನಂದು ಮಗಳ ಪಾತ್ರ. ನೀವಿಬ್ಬರೂ ಬನ್ನಿ ಅಂತ ಕರೆಯೋಣ ಅಂತಿದ್ದೆ."