ಮೂರು ಅಗಲ, ಮೇಲೆ ಇನ್ನೊಂದಿಷ್ಟು

ಬುರುಲ್ಚಾ ಎಷ್ಟು ಎಳೆದರೂ ಪಟ್ಟಿಯ ಎರಡು ತುದಿಗಳ ನಡುವೆ ಇನ್ನೂ ಎರಡು ಮೊಳ ಬಾಕಿ ಉಳಿಯಿತು. ಡೇರೆಯ ಮಡಚುವ ಮರದ ಜಾಲರಿ ಗೋಡೆ ದುಂಡಗೆ ನಿಂತಿತ್ತು, ಅದನ್ನು ಬಿಗಿಯುವ ಪಟ್ಟಿ ಮಾತ್ರ ಸುತ್ತಿ ಬರುತ್ತಿರಲಿಲ್ಲ. ಕಣಿವೆಯಾಚೆ ಧೂಳೆದ್ದಿತ್ತು. ಆ ಗಾಳಿ ಬರುವುದರೊಳಗೆ ಕಟ್ಟದಿದ್ದರೆ ಗೋಡೆ ಚದುರಿ ಮುರಿದುಹೋಗುತ್ತದೆ. ಬೇಸಿಗೆಯಿಡೀ ಮನೆಮಂದಿಯೆಲ್ಲ ಬಯಲಲ್ಲೇ ಮಲಗಬೇಕು.

“ಅಳತೆ ಮಾಡಿ ಕತ್ತರಿಸಿದ್ಯೋ, ಕನಸು ಕಾಣ್ತಾ ಕತ್ತರಿಸಿದ್ಯೋ?” ಗೋಡೆ ಹಿಡಿದಿದ್ದ ಎಸೆನ್ ಮಾವ ಕೇಳಿದ.

“ಒಳಗಿನ ಅಗಲಕ್ಕೆ ಹಗ್ಗ ಹಿಡಿದೆ, ಮಾವ. ಅಂಥ ಮೂರು ಅಗಲಕ್ಕೆ ಕತ್ತರಿಸಿದೆ.” ಬುರುಲ್ಚಾ ತುದಿಯನ್ನು ಮತ್ತೆ ಎಳೆದಳು. ಅಜ್ಜಿಯ ಕತೆಗಳಲ್ಲಿ ಮಕ್ಕಳು ಮೂವರು, ನದಿಗಳು ಮೂರು. ಅಳತೆಯೂ ಮೂರಕ್ಕೇ ಮುಗಿಯುತ್ತದೆಂದು ನಂಬಿದ್ದಳು. ಕತ್ತರಿಸಿ ಉಳಿದ ತುಂಡನ್ನು ಅತ್ತೆ ತನ್ನ ಡೇರೆಗೆಂದು ಬೆಳಗ್ಗೆಯೇ ಕುದುರೆಯ ಮೇಲೆ ಕಣಿವೆ ದಾಟಿಸಿದ್ದಳು.

ಚಳಿಗಾಲವಿಡೀ ಕೂತು ಆ ಪಟ್ಟಿ ನೇಯ್ದಿದ್ದ ಅಜ್ಜಿ ಬೈಯಲಿಲ್ಲ. “ಕತೆಗೆ ಮೂರು ಸಾಕು ಮಗಾ, ದುಂಡಗಿರೋದಕ್ಕೆ ಮೂರರ ಮೇಲೆ ಇನ್ನೊಂದಿಷ್ಟು ಬೇಕು. ಈಗ ಪಟ್ಟಿಯಂತೂ ಹಿಗ್ಗಲ್ಲ, ಗೋಡೆ ಕುಗ್ಗುತ್ತೆ. ಎಲ್ಲಾ ಕಡೆಯಿಂದ ಅರ್ಧ ಗೇಣು, ಮೇಲೆರಡು ಬೆರಳು ಒಳಗೆ ನೂಕಿ.”

ಎರಡು ಮೊಳದ ಕೊರತೆಗೆ ಅರ್ಧ ಗೇಣು ಎಲ್ಲಿಗೆ ಸಾಕಾದೀತು? ಮಾವನೂ ಅಕ್ಕಂದಿರೂ ಸುತ್ತ ನಿಂತು ನೂಕಿದರು. ಜಾಲರಿ ಮಡಚಿಕೊಳ್ಳುತ್ತ ತುಸು ಎತ್ತರವಾಯಿತು. ಗಾಳಿ ಬಂದು ಬುರುಲ್ಚಾಳ ತಲೆವಸ್ತ್ರ ಕಿತ್ತೊಯ್ದಿತು. ಹೆದರಿ ಕಣ್ಣು ಮುಚ್ಚಿದಳು. ತಡಕಿದ ಬೆರಳಿಗೆ ಪಟ್ಟಿಯ ಒಂದು ತುದಿ ತಾಗಿತು, ಆಮೇಲೆ ಇನ್ನೊಂದು. ಕಣ್ಣು ತೆರೆಯದೆಯೇ ಗಂಟು ಬಿಗಿದಳು. ಗೋಡೆ ಕಿರ್ರೆಂದಿತು, ಅಲುಗಲಿಲ್ಲ.